ಶರದೃತುವೂ ಮನೆಯೆಂಬ ಪಾಠಶಾಲೆಯೂ



ಆಶ್ವಿಜ ಕಾರ್ತಿಕಗಳು ಶರದೃತುವಿನ ಮಾಸಗಳು. ಮಳೆ ಹಿಂದೆಗೆದು ಕಾಸರಗೋಡಿನ ಅಂಗಳಗಳು ಒಣಗುವ ಈ ಕಾಲವು ಮಕ್ಕಳಿಗೆ ಹಬ್ಬಗಳ ಕಾಲ. ವಿಜಯದಶಮಿಯಂದು ಹಿರಿಯರು ಕಂದನ ಬೆರಳು ಹಿಡಿದು ಅಕ್ಕಿಯ ಮೇಲೆ ಮೊದಲ ಅಕ್ಷರವನ್ನು ಬರೆಯಿಸುತ್ತಾರೆ. ನರಕಚತುರ್ದಶಿಯ ಮುನ್ನಾದಿನ ಹಂಡೆಗೆ ನೀರು ತುಂಬುವಾಗ ಕಿರಿಯರೂ ಚೊಂಬು ಹಿಡಿದು ಓಡಾಡುತ್ತಾರೆ; ಮರುದಿನ ನಸುಕಿನಲ್ಲಿ ಅಜ್ಜಿ ಅವರ ನೆತ್ತಿಗೆ ಎಣ್ಣೆಯೊತ್ತುತ್ತಾರೆ.

ಇಂತಹುದೇ ಋತುವಿನಲ್ಲಿ, 1956ರ ನವೆಂಬರ್ 1ರಂದು, ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ನಮ್ಮ ತಾಲೂಕು ಕೇರಳದ ಪಾಲಾಯಿತು. ಮಕ್ಕಳು ಮಲಯಾಳವನ್ನು ಆದರದಿಂದಲೇ ಕಲಿಯಲಿ. ಮನೆಮಾತು ತುಳುವೋ ಕೊಂಕಣಿಯೋ ಆಗಿದ್ದರೆ ಅದೂ ಬೆಳೆಯಲಿ. ಆದರೆ ಕನ್ನಡವನ್ನು ಶಾಲೆಯೊಂದಕ್ಕೇ ಒಪ್ಪಿಸಿದರೆ ಸಾಲದು. ಅಕ್ಕಿಯ ಮೇಲಿನ ಅಕ್ಷರ ಅಂದೇ ಅಳಿಸಿಹೋಗುತ್ತದೆ. ಬರೆಯುವ ಕೈಯನ್ನು ಅಧ್ಯಾಪಕರಾದ ನಾವು ತಿದ್ದಬಲ್ಲೆವು; ಕಥೆಗೆ ಹಂಬಲಿಸುವ ಕಿವಿಯನ್ನು ಮನೆಯೇ ಕೊಡಬೇಕು.

ಆದುದರಿಂದ ತಂದೆತಾಯಂದಿರಲ್ಲಿ ನನ್ನ ಬಿನ್ನಹವಿಷ್ಟೆ: ದಿನವೂ ಸಂಜೆ ದೀಪ ಹಚ್ಚಿದ ಬಳಿಕ ಒಂದು ಕನ್ನಡ ಕಥೆಯನ್ನು ಹೇಳಿರಿ, ಮಗುವಿನಿಂದ ಒಂದು ಪುಟವನ್ನು ಓದಿಸಿರಿ. ಅಂಗಳದಲ್ಲಿ ಅಡಕೆ ಹೆಕ್ಕುವಾಗಿನ ಎಣಿಕೆಯೂ ಕನ್ನಡದಲ್ಲಿರಲಿ. ಇಷ್ಟು ನಡೆದರೆ ಮುಂದಿನ ವಿಜಯದಶಮಿಗೆ ಅಣ್ಣನೇ ತಂಗಿಯ ಬೆರಳು ಹಿಡಿದು ಬರೆಯಿಸಿಯಾನು.