ಉಸಿರಾಟ ಚಿಕಿತ್ಸಾ ತಂತ್ರಜ್ಞರ ತರಬೇತಿ
(ಶರಣಸಿರಸಗಿ: ಗ್ರಾಮ ಪಂಚಾಯತಿ ಸದಸ್ಯರಿಗಾಗಿ ನೀಡಿದ ಉಪನ್ಯಾಸದ ಪಠ್ಯ)



ದೇಶದ ಮೊದಲ ಕೋವಿಡ್ ಸಾವು 2020ರ ಮಾರ್ಚ್‌ನಲ್ಲಿ ಕಲಬುರಗಿಯಿಂದ ವರದಿಯಾಯಿತು. ಬಳಿಕ ವೆಂಟಿಲೇಟರ್ ಎಂಬ ಪದ ಹಳ್ಳಿಹಳ್ಳಿಗೂ ತಲುಪಿತು. ಅದನ್ನು ನಿರ್ವಹಿಸುವವರ ವಿಷಯ ತಲುಪಲಿಲ್ಲ.

ಈ ಕೆಲಸಕ್ಕೆ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಬಿ.ಎಸ್ಸಿ. ರೆಸ್ಪಿರೇಟರಿ ಕೇರ್ ಟೆಕ್ನಾಲಜಿ ಪದವಿಯಿದೆ. ಮೊದಲ ವರ್ಷ ಅಂಗರಚನೆ, ಶರೀರಕ್ರಿಯೆಗಳ ಪಾಠ. ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಯಂತ್ರಕ್ಕಿಂತ ಇಂಗ್ಲಿಷ್ ಪಠ್ಯವೇ ಮೊದಲ ತೊಡಕು. ಅನಂತರ ತೀವ್ರ ನಿಗಾ ಘಟಕ: ಅಪಧಮನಿಯ ರಕ್ತದಲ್ಲಿನ ಆಮ್ಲಜನಕ ಹಾಗೂ ಇಂಗಾಲದ ಡೈಆಕ್ಸೈಡ್ ಪ್ರಮಾಣ ಅರಿಯುವುದು, ವೈದ್ಯರ ಸೂಚನೆಯಂತೆ ವೆಂಟಿಲೇಟರ್ ಹೊಂದಿಸುವುದು, ಕೊಳವೆಯಲ್ಲಿ ಕಟ್ಟಿದ ಕಫ ತೆಗೆಯುವುದು, ಅಸ್ತಮಾ ರೋಗಿಗೆ ಇನ್ಹೇಲರ್ ಬಳಕೆ ಕಲಿಸುವುದು. ರಾತ್ರಿ ಪಾಳಿಯಿರುತ್ತದೆ, ಕಣ್ಣೆದುರೇ ರೋಗಿ ಕೊನೆಯುಸಿರೆಳೆಯುವುದೂ ಉಂಟು. ಇದನ್ನು ಪೋಷಕರಿಗೆ ಮುಂಚಿತವಾಗಿಯೇ ತಿಳಿಸುವುದು ಒಳಿತು.

ಪ್ರವೇಶಕ್ಕೆ ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿರಬೇಕು. ಆದ್ದರಿಂದ ಸದಸ್ಯರು ಪ್ರೌಢಶಾಲೆಗೆ ಭೇಟಿ ನೀಡಬೇಕಾದುದು ಎಸ್ಸೆಸ್ಸೆಲ್ಸಿ ಫಲಿತಾಂಶದ ವೇಳೆಗೆ. ಪಿಯುಸಿ ಮುಗಿದ ಮೇಲಲ್ಲ. ಕಾಲೇಜು ಆರಿಸುವಾಗ ವಿಶ್ವವಿದ್ಯಾಲಯದ ಸಂಯೋಜನೆಯ ಜೊತೆಗೆ, ಅದರ ಆಸ್ಪತ್ರೆಯಲ್ಲಿ ನಿಜವಾಗಿ ಬಳಕೆಯಲ್ಲಿರುವ ವೆಂಟಿಲೇಟರ್‌ಗಳೆಷ್ಟೆಂದು ವಿಚಾರಿಸಬೇಕು. 371(ಜೆ) ಮೀಸಲಾತಿಗೆ ಉಪವಿಭಾಗದ ಸಹಾಯಕ ಆಯುಕ್ತರ ಅರ್ಹತಾ ಪ್ರಮಾಣಪತ್ರ ಬೇಕು. ಅರ್ಜಿಯನ್ನು ಪ್ರವೇಶದ ಅಧಿಸೂಚನೆಗೆ ಕಾಯದೆ ಸಲ್ಲಿಸತಕ್ಕದ್ದು.