‘ಯಾಕೆ?’ ಎಂದು ಕೇಳಿದ ಗುರು
(ನಮ್ಮ ವಾರ್ಷಿಕ ಸಹಾಯಾರ್ಥ ಸಮಾರಂಭದಲ್ಲಿ ಮಾಡಿದ ಭಾಷಣ)



ಅಮೆರಿಕಕ್ಕೆ ಬಂದ ನಮ್ಮಲ್ಲಿ ಹೆಚ್ಚಿನವರು ಇಂಜಿನಿಯರುಗಳು. ಮಕ್ಕಳು ಯುಗಾದಿಗೆ ಹಾಡಿದರೆ ಜೋರಾಗಿ ಚಪ್ಪಾಳೆ ತಟ್ಟುತ್ತೇವೆ. ಅದೇ ಮಕ್ಕಳು ‘ಕಾಲೇಜಿನಲ್ಲಿ ಸಂಗೀತವನ್ನೇ ಓದುತ್ತೇನೆ’ ಎಂದರೆ ಮಾತ್ರ ನಮಗೆ ರಾತ್ರಿ ನಿದ್ದೆ ಬರುವುದಿಲ್ಲ! ಅದಕ್ಕೇ ಇಂದು ಇಂಜಿನಿಯರಿಂಗ್ ಓದಿ ಸಂಗೀತಕ್ಕೆ ಹೋದವರೊಬ್ಬರ ವಿಷಯ ಹೇಳೋಣವೆಂದುಕೊಂಡಿದ್ದೇವೆ.

ಚೌ ವೆನ್-ಚುಂಗ್ ಹುಟ್ಟಿದ್ದು 1923ರಲ್ಲಿ, ಚೀನಾದಲ್ಲಿ. ಯುದ್ಧದ ಗಲಾಟೆಯ ನಡುವೆಯೇ ಸಿವಿಲ್ ಇಂಜಿನಿಯರಿಂಗ್ ಓದಿದರು. 1946ರಲ್ಲಿ ಯೇಲ್ ವಿಶ್ವವಿದ್ಯಾಲಯದಲ್ಲಿ ವಾಸ್ತುಶಿಲ್ಪ ಕಲಿಯಲು ವಿದ್ಯಾರ್ಥಿವೇತನ ಪಡೆದು ಬಂದವರು, ಬಹುಬೇಗ ಅದನ್ನು ಬಿಟ್ಟು ಬಾಸ್ಟನ್ನಿನ ಸಂಗೀತಶಾಲೆ ಸೇರಿದರು. ಅವರ ಅಣ್ಣ ವೆನ್ ತ್ಸಿಂಗ್ ಚೌ ಮುಂದೆ 1956ರಲ್ಲಿ ಕಂಪ್ಯೂಟರಿನ ‘ಪ್ರಾಮ್’ ಮೆಮೊರಿ ಕಂಡುಹಿಡಿದ ಇಂಜಿನಿಯರ್. ಅಂಥ ಅಣ್ಣನ ತಮ್ಮ ಇವರು!

ನ್ಯೂಯಾರ್ಕಿನಲ್ಲಿ ಚೌ ಅವರು ಚೀನಾದ ಧಾಟಿಗಳನ್ನು ‘ಫ್ಯೂಗ್’ ಎಂಬ ಪಾಶ್ಚಾತ್ಯ ಚೌಕಟ್ಟಿಗೆ ಹೊಂದಿಸಿ ಬರೆದು, ಗುರುಗಳಾದ ಬೋಹುಸ್ಲಾವ್ ಮಾರ್ಟಿನು ಅವರ ಮುಂದಿಟ್ಟರು. ಅವರು ಪಿಯಾನೋದಲ್ಲಿ ಸ್ವಲ್ಪ ನುಡಿಸಿ, ನಿಲ್ಲಿಸಿ, ಒಂದೇ ಮಾತು ಕೇಳಿದರು: ‘ಯಾಕೆ?’

ಶಿಷ್ಯರಲ್ಲಿ ಉತ್ತರವಿರಲಿಲ್ಲ. ಆದರೆ ಆ ಪ್ರಶ್ನೆ ಅವರನ್ನು ತಮ್ಮ ಪರಂಪರೆಯ ಕಡೆಗೆ ತಿರುಗಿಸಿತು. 1949ರಲ್ಲಿ ‘ಲ್ಯಾಂಡ್‌ಸ್ಕೇಪ್ಸ್’ ರಚಿಸಿದರು. 1953ರಲ್ಲಿ ಅದನ್ನು ಸ್ಟೊಕೊವ್‌ಸ್ಕಿ ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ನುಡಿಸಿದರು. ಏಳು ತಂತಿಯ ಪ್ರಾಚೀನ ಚೀನೀ ವಾದ್ಯ ‘ಚಿನ್’ ಅನ್ನು ಆಳವಾಗಿ ಅಭ್ಯಾಸ ಮಾಡಿದರು. ಅದರಲ್ಲಿ ಒಂದೇ ಸ್ವರವನ್ನು ಹತ್ತಾರು ಬಗೆಯಲ್ಲಿ ಮೀಟುತ್ತಾರೆ. ವೀಣೆಯ ಗಮಕ ಕೇಳಿ ಬೆಳೆದ ನಮಗೆ ಇದು ಅರ್ಥವಾಗದ ಮಾತಲ್ಲ.

ಇನ್ನೊಬ್ಬ ಗುರು ಎಡ್ಗರ್ ವರೇಸ್ 1965ರಲ್ಲಿ ತೀರಿಕೊಂಡಾಗ, ಅವರು ಅರ್ಧಕ್ಕೆ ಬಿಟ್ಟ ಕೃತಿಗಳನ್ನು ಚೌ ಪೂರ್ಣಗೊಳಿಸಿದರು. ಗುರುಋಣ ತೀರಿಸುವುದೆಂದರೆ ಇದೇ ಅಲ್ಲವೇ?

1964ರಿಂದ 1991ರವರೆಗೆ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದರು. 1978ರಲ್ಲಿ ಅಮೆರಿಕ-ಚೀನಾ ಕಲಾವಿನಿಮಯ ಕೇಂದ್ರ ಕಟ್ಟಿದರು. ಸಾಂಸ್ಕೃತಿಕ ಕ್ರಾಂತಿಯಲ್ಲಿ ಓದು ತಪ್ಪಿ, ಹೊಲಗದ್ದೆಗಳಲ್ಲಿ ದುಡಿದಿದ್ದ ತಾನ್ ಡುನ್, ಜೋ ಲಾಂಗ್, ಚೆನ್ ಯಿ 1980ರ ದಶಕದಲ್ಲಿ ಕೊಲಂಬಿಯಾಕ್ಕೆ ಬಂದು ಅವರ ಶಿಷ್ಯರಾದರು. ತಾನ್ ಡುನ್ ಅವರಿಗೆ 2001ರಲ್ಲಿ ಆಸ್ಕರ್, ಜೋ ಲಾಂಗ್ ಅವರಿಗೆ 2011ರಲ್ಲಿ ಪುಲಿಟ್ಜರ್ ಬಂತು. ಚೌ 2019ರಲ್ಲಿ, 96ನೆಯ ವಯಸ್ಸಿನಲ್ಲಿ ನಿಧನರಾದರು.

ಬಂಧುಗಳೇ, ‘ಸಂಗೀತ ಯಾಕೆ?’ ಎಂದು ನಾವೂ ಮಕ್ಕಳನ್ನು ಕೇಳುತ್ತೇವೆ, ಬಹಳ ಸಲ ಅವರ ಬಾಯಿ ಮುಚ್ಚಿಸಲಿಕ್ಕೆ. ಇನ್ನು ಮೇಲೆ ಉತ್ತರ ಕೇಳಿಸಿಕೊಳ್ಳುವುದಕ್ಕಾಗಿ ಕೇಳೋಣ. ಚೌ ಅವರಿಗೆ ಈ ದೇಶದ ಬಾಗಿಲು ತೆರೆದದ್ದು ಒಂದು ವಿದ್ಯಾರ್ಥಿವೇತನ. ಕೊಟ್ಟವರು ವಾಸ್ತುಶಿಲ್ಪಕ್ಕೆಂದು ಕೊಟ್ಟರು. ಫಲ ಬಂದದ್ದು ಸಂಗೀತದಲ್ಲಿ. ನೀರೆರೆಯುವವರಿಗೆ ಯಾವ ಕೊಂಬೆಯಲ್ಲಿ ಹಣ್ಣು ಬಿಡುತ್ತದೆಂದು ಮೊದಲೇ ತಿಳಿಯುವುದಿಲ್ಲ. ಊರಿನಲ್ಲಿ ಕಲಿಯುವ ಆಸೆಯಿದ್ದೂ ಫೀಸು ಕಟ್ಟಲಾಗದ ಮಕ್ಕಳಿಗಾಗಿ ಇಂದು ಸೇರಿದ್ದೇವೆ. ಕೈಲಾದಷ್ಟು ಕೊಡೋಣ.