ಅನ್ನವೂ ವ್ಯಂಜನವೂ

‘ಅದ್’ ಎಂಬ ಸಂಸ್ಕೃತ ಧಾತುವಿಗೆ ತಿನ್ನು ಎಂದರ್ಥ. ಅದರಿಂದ ಹುಟ್ಟಿದ ‘ಅನ್ನ’ವೆಂದರೆ ತಿನ್ನತಕ್ಕದ್ದೆಲ್ಲವೂ ಸರಿಯಷ್ಟೆ. ಕನ್ನಡಿಗರ ಬಾಯಲ್ಲಿ ಅದು ಬೆಂದ ಅಕ್ಕಿಯೊಂದೇ ಆಗಿ ನಿಂತಿತು. ಪಲ್ಯ, ಕೋಸಂಬರಿ, ಹುಳಿಗಳು ‘ವ್ಯಂಜನ’ಗಳೆನಿಸಿ ಅದರ ಪರಿವಾರವಾದುವು. ಮೈತೂಕವನ್ನು ಇಳಿಸಿ, ಇಳಿದುದನ್ನು ಉಳಿಸಿಕೊಳ್ಳಬೇಕೆನ್ನುವವರು ಈ ಅರಸನನ್ನೂ ಪರಿವಾರವನ್ನೂ ಸ್ವಲ್ಪ ಸ್ಥಳ ಬದಲಿಸಿ ಕೂರಿಸಬೇಕೆಂಬುದೇ ನನ್ನ ಮಾತಿನ ತಾತ್ಪರ್ಯ.

ಶಿವಮೊಗ್ಗ ಭದ್ರಾವತಿಗಳ ನಡುವಿನ ಮಾಚೇನಹಳ್ಳಿಯನ್ನು ನೀವು ಬಲ್ಲಿರಿ. ಹಿಂದೆ ಈ ಸೀಮೆಯಲ್ಲಿ ಗದ್ದೆ ಉಳುವವನಿಗೂ, 1923ರಲ್ಲಿ ಆರಂಭವಾದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಕುಲುಮೆಯ ಮುಂದೆ ಬೆವರುವವನಿಗೂ ತಟ್ಟೆ ತುಂಬ ಅನ್ನ ಬೇಕಾಗಿತ್ತು, ತಿಂದದ್ದು ಕರಗುತ್ತಿತ್ತು. ಇಂದು ಯಂತ್ರ ದುಡಿಯುತ್ತದೆ, ನಾವು ಕುರ್ಚಿಯಲ್ಲಿ ಕೂರುತ್ತೇವೆ. ದುಡಿಮೆ ಬದಲಾಯಿತು, ತಟ್ಟೆ ಬದಲಾಗಲಿಲ್ಲ. ಬೆಳಗ್ಗೆ ಇಡ್ಲಿ, ಮಧ್ಯಾಹ್ನ ಅನ್ನ, ಸಂಜೆ ಅವಲಕ್ಕಿ, ರಾತ್ರಿ ಮತ್ತೆ ಅನ್ನ: ವೇಷ ಬೇರೆ, ಪಾತ್ರಧಾರಿ ಒಬ್ಬನೇ. ಖರ್ಚಾಗದ ಪಿಷ್ಟ ಕೊಬ್ಬಾಗಿ ಮೊದಲು ಹೊಟ್ಟೆಯ ಸುತ್ತ ಸೇರುತ್ತದೆ. ಸೊಂಟದ ಸುತ್ತಳತೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರು ಮೀರಬಾರದು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆಯೊಂದು 2025ರಲ್ಲಿ ಪ್ರಕಟವಾಯಿತು. ಅದರಂತೆ ನಮ್ಮ ಆಹಾರದ ಶಕ್ತಿಯಲ್ಲಿ ನೂರಕ್ಕೆ 62 ಪಾಲು ಪಿಷ್ಟ ಸಕ್ಕರೆಗಳಿಂದ, ಕೇವಲ 12 ಪಾಲು ಸಸಾರಜನಕದಿಂದ ಬರುತ್ತದೆ. ಧಾನ್ಯಗಳಿಂದ ಬರುವ ಶಕ್ತಿ ನೂರಕ್ಕೆ 45 ಮೀರದಿರಲಿ ಎಂದು ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2024ರಲ್ಲಿ ಸೂಚಿಸಿತು.

“ಅನ್ನ ಬಿಟ್ಟು ಮುದ್ದೆ ಹಿಡಿದೆ, ಆದರೂ ತೂಕ ಇಳಿಯಲಿಲ್ಲ” ಎನ್ನುವವರುಂಟು. ನೂರು ಗ್ರಾಂ ಅಕ್ಕಿಯಲ್ಲಿ ಪಿಷ್ಟ ಸುಮಾರು 78 ಗ್ರಾಂ; ರಾಗಿಯಲ್ಲಿ ಸುಮಾರು 67. ರಾಗಿಯಲ್ಲಿ ನಾರು ಹೆಚ್ಚು, ಸುಣ್ಣದ ಅಂಶ ಹೆಚ್ಚು, ನಿಜ. ಆದರೂ ಎರಡು ಮುದ್ದೆ ಎರಡೇ!

ಹಾಗಾದರೆ ಬಡಿಸುವುದು ಹೇಗೆ? ಅರ್ಧ ತಟ್ಟೆ ಸೊಪ್ಪು, ಹೀರೆ, ಹುರುಳಿಕಾಯಿ. ಆಲೂಗಡ್ಡೆ ಈ ಲೆಕ್ಕಕ್ಕೆ ಬಾರದು. ಕಾಲು ಭಾಗ ಹುರುಳಿ ಅಥವಾ ಹೆಸರುಕಾಳಿನ ಉಸಲಿ, ತಿನ್ನುವವರಿಗೆ ಮೊಟ್ಟೆ, ಮೀನು. ಉಳಿದ ಕಾಲು ಭಾಗ ಅನ್ನ ಅಥವಾ ಮುದ್ದೆ. ಮಾಚೇನಹಳ್ಳಿಯ ಹಾಲಿನ ಡೇರಿ ನಮ್ಮ ಮಗ್ಗುಲಲ್ಲೇ ಇದೆ. ಸಕ್ಕರೆ ಹಾಕಿದ ಪಾನಕ್ಕಿಂತ ಒಂದು ಲೋಟ ಮಜ್ಜಿಗೆ ಲೇಸು. ಅನ್ನ ತಗ್ಗಿಸಿದೆವೆಂದು ತುಪ್ಪ ಸುರಿಯಬೇಡಿ. ಗ್ರಾಂ ಪಿಷ್ಟಕ್ಕೆ 4 ಕ್ಯಾಲೊರಿಯಾದರೆ ಕೊಬ್ಬಿಗೆ 9.

ಅನ್ನವನ್ನು ಪೂರ್ತಿ ತೊರೆಯುವ ಶಪಥವೂ ಬೇಡ. ಅದು ಮೊದಲ ಹಬ್ಬದ ಎಲೆಯ ಮುಂದೆ ಮುರಿಯುತ್ತದೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದವರು 609 ಮಂದಿಯನ್ನು ಒಂದು ವರ್ಷ ಪರೀಕ್ಷಿಸಿ 2018ರಲ್ಲಿ ಫಲಿತಾಂಶ ಪ್ರಕಟಿಸಿದರು. ಪಿಷ್ಟ ತಗ್ಗಿಸಿದವರೂ ಕೊಬ್ಬು ತಗ್ಗಿಸಿದವರೂ ಸರಾಸರಿ ಐದಾರು ಕಿಲೋ ಇಳಿದಿದ್ದರು, ಹೇಳಿಕೊಳ್ಳುವ ಅಂತರವಿರಲಿಲ್ಲ. ನಿಮ್ಮಿಂದ ವರ್ಷಗಟ್ಟಲೆ ಪಾಲಿಸಲಾಗುವ ಪಥ್ಯವೇ ಪಥ್ಯ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಅನ್ನ ತಗ್ಗಿಸಕೂಡದು; ರಕ್ತದ ಸಕ್ಕರೆ ಅಪಾಯಕರವಾಗಿ ಕುಸಿದೀತು. ಮೂತ್ರಪಿಂಡದ ತೊಂದರೆಯುಳ್ಳವರು ಕಾಳು ಹೆಚ್ಚಿಸುವ ಮುನ್ನವೂ ಕೇಳಬೇಕು.

ಕಡೆಯದಾಗಿ ಮನೆಯ ಯಜಮಾನರಿಗೆ ಒಂದು ಮಾತು. ಎಲ್ಲರೂ ಉಂಡೆದ್ದ ಮೇಲೆ ಮನೆಯಾಕೆ ತಟ್ಟೆ ಹಾಕಿಕೊಳ್ಳುವ ಹೊತ್ತಿಗೆ ಪಲ್ಯದ ಪಾತ್ರೆ ಬರಿದಾಗಿರುತ್ತದೆ. ಉಳಿದಿರುವುದು ಅನ್ನ, ತಿಳಿಸಾರು. ಚೆಲ್ಲಬಾರದೆಂದು ಅದನ್ನೇ ಉಣ್ಣುತ್ತಾಳೆ. ಇಂದು ರಾತ್ರಿ ಆಕೆಯ ಪಾಲಿನ ಪಲ್ಯವನ್ನು ಮೊದಲೇ ತೆಗೆದಿಡಿ.